ಮೀಟರ್ ಎಣಿಸದ ಹೊತ್ತು

ಬೆಂಗಳೂರಿನಲ್ಲಿ ನಾಲ್ಕು ಜನ ಸೇರಿದರೆ ಮಾತು ಟ್ರಾಫಿಕ್ಕಿನ ಕಡೆ ಹೊರಳುತ್ತದೆ, ಅಲ್ಲಿಂದ ಆಟೋದವರ ಕಡೆಗೆ. ಕರೆದರೆ ಬರುವುದಿಲ್ಲ. ಬಂದರೆ ಮೀಟರ್ ಹಾಕುವುದಿಲ್ಲ. ಹಾಕಿದರೂ ಇಳಿಯುವಾಗ ಮೇಲೆ ಇಪ್ಪತ್ತು ಕೇಳುತ್ತಾರೆ. ನಾಲ್ಕು ಹನಿ ಬಿದ್ದರೆ ಡಬಲ್. ಕ್ಯಾಬಿನವರೂ ಬೇರೆಯಲ್ಲ, ಬುಕ್ ಆದ ಮೇಲೆ ಫೋನ್ ಮಾಡಿ ‘ಡ್ರಾಪ್ ಎಲ್ಲಿ ಸಾರ್? ಕ್ಯಾಶಾ, ಆನ್‌ಲೈನಾ?’ ಎಂದು ವಿಚಾರಿಸಿ ಕ್ಯಾನ್ಸಲ್ ಮಾಡುತ್ತಾರೆ. ಇಷ್ಟೂ ನಿಜ, ನಾವೆಲ್ಲ ಅನುಭವಿಸಿದ್ದೇವೆ. ಆದರೆ ಇದರಿಂದ ನಾವೆಲ್ಲ ತೆಗೆದಿರುವ ತೀರ್ಮಾನ ಸುಳ್ಳು. ಈ ಜನಕ್ಕೆ ದುಡಿಯುವ ಮನಸ್ಸಿಲ್ಲ, ದೋಚುವ ಚಟ. ದಂಡ ಹಾಕಿದರೆ, ಪರ್ಮಿಟ್ ಕಿತ್ತುಕೊಂಡರೆ, ಇಲ್ಲವೇ ಎಲ್ಲವನ್ನೂ ಆ್ಯಪ್‌ಗಳ ಕೈಗೆ ಒಪ್ಪಿಸಿದರೆ ಸರಿಹೋಗುತ್ತಾರೆ ಎಂಬುದು ಆ ತೀರ್ಮಾನ. ಓದಿದವರೂ ಅಧಿಕಾರಿಗಳೂ ಪತ್ರಿಕೆಗಳ ಓದುಗರ ಅಂಕಣವೂ ಇದನ್ನೇ ಹೇಳುತ್ತವೆ. ನಾನೂ ಬಹಳ ಕಾಲ ಹೇಳಿಕೊಂಡು ಬಂದವನು.

ನನ್ನ ಮಾತು ಬದಲಾದದ್ದು ಒಂದು ನೋಟ್‌ಬುಕ್ ನೋಡಿದ ಮೇಲೆ. ನಮ್ಮ ಬೀದಿಯ ತಿರುವಿನ ಸ್ಟ್ಯಾಂಡಿನಲ್ಲಿ ನಿಲ್ಲುವ ಚಾಲಕರೊಬ್ಬರು ಡ್ಯಾಶ್‌ಬೋರ್ಡಿನ ಕೆಳಗೆ ಇಟ್ಟುಕೊಂಡಿದ್ದ ಇನ್ನೂರು ಪುಟದ ಪುಸ್ತಕ ಅದು. ನಾಗಮಂಗಲದ ಕಡೆಯವರು, ವಯಸ್ಸು ಐವತ್ತರ ಹತ್ತಿರ. ಪ್ರತಿ ಬಾಡಿಗೆಗೆ ಒಂದು ಗೆರೆ: ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಹಣ. ಎರಡು ಬಾಡಿಗೆಗಳ ನಡುವೆ ಬರೀ ‘ಖಾ’ ಎಂದು ಬರೆದು ಪಕ್ಕದಲ್ಲಿ ಇನ್ನೊಂದು ಅಂಕಿ. ‘ಖಾ’ ಅಂದರೆ ಏನಣ್ಣ ಎಂದೆ. ‘ಖಾಲಿ ಸಾರ್. ಸೀಟಿಲ್ದೆ ಓಡಿದ್ದು’ ಎಂದರು.

2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೋ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ಆ ದರ ಬಂದ ಮೇಲಿನ ಒಂದು ಸೋಮವಾರದ ಪುಟವನ್ನು ನಾನು ಅವರೆದುರೇ ಕೂಡಿಸಿದೆ. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಆಟೋ ಓಡಿದ್ದು 136 ಕಿ.ಮೀ. ಅದರಲ್ಲಿ ಸೀಟು ಇದ್ದದ್ದು 81 ಕಿ.ಮೀ., ಖಾಲಿ ಓಡಿದ್ದು 55. ಒಂಬತ್ತು ಬಾಡಿಗೆ. ಮೀಟರ್ ಪ್ರಕಾರ ಬರಬೇಕಾದದ್ದು 1458 ರೂಪಾಯಿ, ನಿಂತ ಹೊತ್ತಿಗೆ 40, ಒಟ್ಟು 1498. ಗ್ಯಾಸಿಗೆ ಕಿಲೋಮೀಟರಿಗೆ ಮೂರು ರೂಪಾಯಿಯಂತೆ 408. ಆಟೋ ಅವರ ಸ್ವಂತದ್ದಲ್ಲ, ಓನರಿಗೆ ದಿನದ ಬಾಡಿಗೆ 350. ಎರಡು ಊಟ, ನಾಲ್ಕು ಟೀಗೆ 160. ಆ್ಯಪಿನ ದಿನದ ಶುಲ್ಕ 25. ಪಂಕ್ಚರ್, ಆಯಿಲ್, ಕ್ಲಚ್ ಕೇಬಲ್ ಅಂತ ದಿನಕ್ಕೆ ನೂರು ಎತ್ತಿಡಬೇಕು. ಉಳಿದದ್ದು 455 ರೂಪಾಯಿ. ಹದಿನಾಲ್ಕು ಗಂಟೆಗೆ. ಗಂಟೆಗೆ ಮೂವತ್ತೆರಡು ರೂಪಾಯಿ ಚಿಲ್ಲರೆ.

2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಕೆರೆ ಹೂಳೆತ್ತುವ ಆ ಕೆಲಸ ಬಿಟ್ಟು, ಊರು ಬಿಟ್ಟು, ಡಿಎಲ್ಲು ಬ್ಯಾಡ್ಜು ಮಾಡಿಸಿಕೊಂಡು, ಹೊಗೆ ಕುಡಿದುಕೊಂಡು ಹದಿನಾಲ್ಕು ಗಂಟೆ ಕೂತವರಿಗೆ ಅದರ ಮೇಲೆ ಸಿಕ್ಕಿದ್ದು 85 ರೂಪಾಯಿ. ಇನ್ನು ನಾವು ಅಷ್ಟೊಂದು ಸಿಡುಕುವ ಆ ‘ಮೇಲೆ ಇಪ್ಪತ್ತು’ ಇದೆಯಲ್ಲ, ಒಂಬತ್ತು ಬಾಡಿಗೆಗೂ ಸಿಕ್ಕಿತು ಅನ್ನಿ, 180 ಆಗುತ್ತದೆ. ಅದು ಸೇರಿದರೆ ದಿನದ ಉಳಿಕೆ 635. ಬೆಂಗಳೂರಿನಲ್ಲಿ ಒಂದು ಕೋಣೆಯ ಮನೆ ಬಾಡಿಗೆ ಕಟ್ಟಿ ಇಬ್ಬರು ಮಕ್ಕಳನ್ನು ಶಾಲೆಗೆ ಕಳಿಸುವುದು ಸಾಧ್ಯವಾಗುವುದು ಆ ಇಪ್ಪತ್ತರಲ್ಲಿ. ನಾವು ಲಂಚದಂತೆ, ಸುಲಿಗೆಯಂತೆ ಕಂಡ ಹಣ ಅವರ ಲೆಕ್ಕದಲ್ಲಿ ‘ಖಾ’ ಎಂಬ ಗೆರೆಯ ಕೂಲಿ.

ದರಪಟ್ಟಿಯ ಮೂಲ ದೋಷ ಅಲ್ಲೇ ಇದೆ. ಚಾಲಕ ಮಾರುವುದು ತನ್ನ ದಿನವನ್ನು, ತನ್ನ ಹೊತ್ತನ್ನು. ನಾವು ಕೊಳ್ಳುವುದು ಕಿಲೋಮೀಟರನ್ನು. ರಸ್ತೆ ಖಾಲಿಯಿದ್ದ ಕಾಲದಲ್ಲಿ ಈ ಎರಡಕ್ಕೂ ಅಂಥ ವ್ಯತ್ಯಾಸವಿರಲಿಲ್ಲ. ಹತ್ತು ಕಿಲೋಮೀಟರ್ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ದಾಟಲು ಸರಾಸರಿ 34 ನಿಮಿಷ ಬೇಕು. ಅದು ಇಡೀ ದಿನದ, ಇಡೀ ವರ್ಷದ ಸರಾಸರಿ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ದಾಟಿ ಮಾರತಹಳ್ಳಿಗೆ ಹೋಗುವವರಿಗೆ ಆ 34 ನಿಮಿಷ ಕನಸು. ಸರಾಸರಿಯನ್ನೇ ಹಿಡಿಯೋಣ. ಹತ್ತು ಕಿಲೋಮೀಟರಿಗೆ ಮೀಟರ್ 180 ರೂಪಾಯಿ ಕೊಡುತ್ತದೆ. ಅಲ್ಲಿಂದ ಸೀಟು ಸಿಗದೆ ಖಾಲಿ ಬಂದರೆ ಇಪ್ಪತ್ತು ಕಿಲೋಮೀಟರ್, 68 ನಿಮಿಷ, ಗ್ಯಾಸ್ ಕಳೆದು 120 ರೂಪಾಯಿ. ಓನರಿನ ಬಾಡಿಗೆ, ರಿಪೇರಿ, ಊಟ ಇನ್ನೂ ಕಳೆದಿಲ್ಲ. ಸಿಕ್ಕಿಬಿದ್ದು ನಿಂತರೆ ವೇಯ್ಟಿಂಗ್ ಚಾರ್ಜ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ: ಮೊದಲ ಐದು ನಿಮಿಷ ಉಚಿತ, ಆಮೇಲೆ 15 ನಿಮಿಷಕ್ಕೆ 10 ರೂಪಾಯಿ. ಮೀಟರ್ ಒಂದು ನಿಮಿಷವನ್ನೂ ಬಿಡದೆ ಎಣಿಸಿದರೂ ಗಂಟೆಗೆ 40 ರೂಪಾಯಿ. ಒಬ್ಬ ಮನುಷ್ಯನನ್ನೂ ಅವನ ಗಾಡಿಯನ್ನೂ ಒಂದು ಗಂಟೆ ನಿಲ್ಲಿಸಿಕೊಳ್ಳಲು ಈ ನಗರ ಕಟ್ಟಿರುವ ಬೆಲೆ ಅದು.

ಹಾಗಾದರೆ ಸಂಜೆ ಜಯನಗರದಲ್ಲಿ ನಿಂತು ‘ವರ್ತೂರು’ ಎಂದವರಿಗೆ ‘ಬರಲ್ಲ ಸಾರ್’ ಎನ್ನುವುದು ಸೊಕ್ಕೇ? ಆ ಒಂದು ಬಾಡಿಗೆ ಒಪ್ಪಿಕೊಂಡರೆ ಎರಡು ಗಂಟೆ ಅಲ್ಲಿಗೇ ಹೋಯಿತು, ವಾಪಸ್ಸಿಗೆ ಸೀಟು ಸಿಗುವ ಭರವಸೆಯಿಲ್ಲ, ಎಂಟಕ್ಕೆ ಓನರಿಗೆ ಗಾಡಿ ಒಪ್ಪಿಸಬೇಕು. ಅದೇ ಹೊತ್ತಿನಲ್ಲಿ ನಾಲ್ಕನೇ ಬ್ಲಾಕಿನಿಂದ ಬನಶಂಕರಿಗೆ, ಬನಶಂಕರಿಯಿಂದ ಬಸವನಗುಡಿಗೆ ಅಂತ ನಾಲ್ಕು ಸಣ್ಣ ಬಾಡಿಗೆ ಹೊಡೆಯಬಹುದು. ಅಂಗಡಿಯವನು ಅಸಲಿಗಿಂತ ಕಡಿಮೆ ಬೆಲೆಗೆ ಮಾರುವುದಿಲ್ಲವೆಂದರೆ ಅವನನ್ನು ಯಾರೂ ಕಳ್ಳ ಎನ್ನುವುದಿಲ್ಲ. ಚಾಲಕ ಅಂದರೆ ಅನ್ನುತ್ತೇವೆ. ಬೆಲೆಯನ್ನು ಕಾನೂನಿನಿಂದ ಅಸಲಿಗಿಂತ ಕೆಳಗೆ ಕಟ್ಟಿಹಾಕಿದಾಗ ಸರಕು ಮಾಯವಾಗುತ್ತದೆ, ಇಲ್ಲವೇ ಕಳ್ಳಬೆಲೆಯಲ್ಲಿ ಸಿಗುತ್ತದೆ. ಸೀಮೆಎಣ್ಣೆಯ ಕಾಲದಲ್ಲಿ ಇದನ್ನು ಕಣ್ಣಾರೆ ಕಂಡ ನಾವು ಆಟೋ ವಿಷಯದಲ್ಲಿ ಮಾತ್ರ ಅದನ್ನು ನೀತಿಗೇಡು ಎಂದು ಕರೆಯುತ್ತಿದ್ದೇವೆ.

ಈ ದರ ಎಷ್ಟು ನಿಧಾನವಾಗಿ ಏರಿದೆ ನೋಡಿ. 2013ರ ಡಿಸೆಂಬರಿನಲ್ಲಿ ಕನಿಷ್ಠ 25, ಕಿಲೋಮೀಟರಿಗೆ 13. ಮುಂದಿನ ಬದಲಾವಣೆ ಬಂದದ್ದು 2021ರ ಡಿಸೆಂಬರಿನಲ್ಲಿ: ಕನಿಷ್ಠ 30, ಕಿಲೋಮೀಟರಿಗೆ 15. ಎಂಟು ವರ್ಷಕ್ಕೆ ಎರಡು ರೂಪಾಯಿ. ಆಮೇಲೆ 2025ರ ಆಗಸ್ಟಿನವರೆಗೆ ಮತ್ತೆ ಕಾಯಬೇಕಾಯಿತು. ಹನ್ನೆರಡು ವರ್ಷದಲ್ಲಿ 13 ಹೋಗಿ 18 ಆಯಿತು, ಅಂದರೆ ಶೇ 38ರಷ್ಟು ಏರಿಕೆ. ಇದೇ ಅವಧಿಯಲ್ಲಿ ಗ್ರಾಹಕ ಬೆಲೆ ಸೂಚ್ಯಂಕ ಅರ್ಧಕ್ಕಿಂತ ಬಹಳ ಹೆಚ್ಚು ಏರಿದೆ. ಲೆಕ್ಕ ಸರಳ: ಬೆಲೆ ಏರಿಕೆ ಕಳೆದು ನೋಡಿದರೆ 2013ರ ಚಾಲಕನಿಗಿಂತ ಇವತ್ತಿನ ಚಾಲಕ ಒಂದು ಕಿಲೋಮೀಟರಿಗೆ ಕಡಿಮೆ ಸಂಪಾದಿಸುತ್ತಿದ್ದಾನೆ, ಆ ಕಿಲೋಮೀಟರ್ ಓಡಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಾನೆ. 2025ರಲ್ಲಿ ದರ ಏರಿದಾಗ ‘ಈಗಲೂ ಮೀಟರ್ ಹಾಕದಿದ್ದರೆ ಬಿಡಬಾರದು’ ಎಂದವರು ಬಹಳ. ಎಂಟು ವರ್ಷ ಯಾಕೆ ಏರಿಸಲಿಲ್ಲ ಎಂದು ದರ ಕಟ್ಟುವ ಪ್ರಾಧಿಕಾರವನ್ನು ಕೇಳಿದವರು ಯಾರು?

ಮಳೆಯ ಮಾತಿಗೆ ಬರುತ್ತೇನೆ. ‘ಮಳೆ ಬಂದರೆ ಆಟೋದವರಿಗೆ ಹಬ್ಬ’ ಎಂಬುದು ಈ ಊರಿನ ಗಟ್ಟಿ ನಂಬಿಕೆ. ಅದರ ಜೊತೆಗೇ ಇನ್ನೊಂದು ನಂಬಿಕೆಯೂ ಇದೆ: ಅಂದಿನ ದುಡ್ಡು ಬಂದರೆ ಸಾಕು, ಗಾಡಿ ತಿರುಗಿಸಿ ಮನೆಗೆ ಹೋಗುತ್ತಾರೆ, ಅದಕ್ಕೇ ಬೇಕಾದಾಗ ಸಿಗುವುದಿಲ್ಲ. ಈ ಎರಡನೇ ಮಾತಿಗೆ ದೊಡ್ಡ ಪಂಡಿತರ ಬೆಂಬಲವೂ ಇತ್ತು. 1997ರಲ್ಲಿ ಕಾಲಿನ್ ಕ್ಯಾಮರರ್, ಲಿಂಡಾ ಬ್ಯಾಬ್‌ಕಾಕ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಮುಂದೆ 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಸೇರಿ ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಟ್ರಿಪ್ ಶೀಟುಗಳನ್ನು ಅಧ್ಯಯನ ಮಾಡಿ, ಚಾಲಕರು ದಿನಕ್ಕೊಂದು ಗುರಿ ಇಟ್ಟುಕೊಳ್ಳುತ್ತಾರೆ, ಚೆನ್ನಾಗಿ ದುಡ್ಡು ಬರುವ ದಿನ ಬೇಗ ಕೆಲಸ ಮುಗಿಸುತ್ತಾರೆ ಎಂದು ಬರೆದರು. ಅರ್ಥಶಾಸ್ತ್ರದ ತರಗತಿಗಳಲ್ಲಿ ಅದು ಬಹಳ ವರ್ಷ ಮೆರೆಯಿತು. ಚಾಲಕನಿಗೆ ತನ್ನ ಹಿತ ತನಗೇ ತಿಳಿಯದು ಎಂಬ ಭಾವನೆಗೆ ಶಾಸ್ತ್ರದ ಮುದ್ರೆ ಬಿತ್ತು.

ಪ್ರಿನ್ಸ್‌ಟನ್ನಿನ ಹೆನ್ರಿ ಫಾರ್ಬರ್ ಇದನ್ನು ಸುಮ್ಮನೆ ಒಪ್ಪಲಿಲ್ಲ. 2005ರಿಂದ ಆರಂಭಿಸಿ ಒಂದರ ಮೇಲೊಂದು ಅಧ್ಯಯನ ಮಾಡಿದರು. 2015ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಅವರು ಬಳಸಿದ್ದು 2009ರಿಂದ 2013ರವರೆಗಿನ ನ್ಯೂಯಾರ್ಕ್ ಟ್ಯಾಕ್ಸಿಗಳ ಪ್ರಯಾಣಗಳ ವಿದ್ಯುನ್ಮಾನ ದಾಖಲೆ. ಅದರಲ್ಲಿ ಕಂಡದ್ದು, ಸಂಪಾದನೆ ಹೆಚ್ಚಿರುವಾಗ ಚಾಲಕರು ಹೆಚ್ಚು ಹೊತ್ತು ಓಡಿಸುತ್ತಾರೆ ಎಂಬುದು. ಮಳೆಯಲ್ಲಿ ಟ್ಯಾಕ್ಸಿ ಸಿಗದಿರುವುದು ನಿಜ, ಆದರೆ ಮಳೆಯಲ್ಲಿ ಚಾಲಕನ ಗಂಟೆಯ ಸಂಪಾದನೆ ಏರುವುದೇ ಇಲ್ಲ. ಗಿರಾಕಿ ಬೇಗ ಸಿಗುತ್ತಾನೆ, ಆದರೆ ರಸ್ತೆ ಸಾಗುವುದಿಲ್ಲ. ಮಳೆಯಲ್ಲಿ ಓಡಿಸುವುದು ಕಷ್ಟದ ಕೆಲಸ, ಅದಕ್ಕೆ ಮೀಟರ್ ಒಂದು ಕಾಸು ಹೆಚ್ಚು ಕೊಡುವುದಿಲ್ಲ. ಕೆಲವರು ಗಾಡಿ ನಿಲ್ಲಿಸುತ್ತಾರೆ. ನ್ಯೂಯಾರ್ಕಿನಲ್ಲೇ ಹೀಗಾದರೆ ಬೆಂಗಳೂರಿನ ಅಂಡರ್‌ಪಾಸಿನ ನೀರಿನಲ್ಲಿ ಇಂಜಿನ್ ಮುಳುಗಿಸಿಕೊಳ್ಳುವ ಮೂರು ಗಾಲಿಯ ಗತಿ ಏನು? ನೋಟ್‌ಬುಕ್ಕಿನ ಯಜಮಾನರನ್ನು ಮಳೆಯ ದಿನದ ಬಗ್ಗೆ ಕೇಳಿದೆ. ‘ಮಳೆ ದಿನ ಡಬಲ್ ಕೇಳ್ತೀವಿ, ನಿಜ ಸಾರ್. ಬಾಡಿಗೆ ಮಾತ್ರ ಅರ್ಧ ಆಗುತ್ತೆ’ ಎಂದರು. ಫಾರ್ಬರ್ ಅವರ ಪ್ರಬಂಧದ ಸಾರ ಇದರಲ್ಲಿ ಮುಕ್ಕಾಲು ಪಾಲು ಬಂತು.

ಇನ್ನು ಆ್ಯಪ್‌ಗಳು. ಮಾರುಕಟ್ಟೆಗೆ ಬಿಟ್ಟುಬಿಡಿ, ತಂತ್ರಜ್ಞಾನ ಎಲ್ಲವನ್ನೂ ಸರಿದೂಗಿಸುತ್ತದೆ ಎನ್ನುವವರು ಕಳೆದ ಹನ್ನೆರಡು ವರ್ಷದ ಕಥೆಯನ್ನು ಮರೆತಿದ್ದಾರೆ. ಊಬರ್ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಬೆಂಗಳೂರಿನಲ್ಲಿ, 2013ರಲ್ಲಿ. ಓಲಾದ ನೆಲೆಯೂ ಇದೇ ಊರು. ಆರಂಭದ ವರ್ಷಗಳಲ್ಲಿ ಹೂಡಿಕೆದಾರರ ಹಣದಿಂದ ಇನ್ಸೆಂಟಿವ್ ಸುರಿದರು. ಪ್ರಯಾಣಿಕರಿಗೆ ಅಸಲಿಗಿಂತ ಅಗ್ಗ, ಚಾಲಕರಿಗೆ ಕಂಡರಿಯದ ಸಂಪಾದನೆ. ಮಂಡ್ಯ, ರಾಮನಗರ, ತುಮಕೂರು, ಹಾಸನದ ಹುಡುಗರು ಹೊಲ ಅಡ ಇಟ್ಟು, ಚಿನ್ನ ಮಾರಿ, ಸಾಲ ಮಾಡಿ ಹಳದಿ ಬೋರ್ಡಿನ ಕಾರು ತಂದು ಅಟ್ಯಾಚ್ ಮಾಡಿದರು. ಗಾಡಿಗಳು ಸಾಕಷ್ಟು ಸೇರಿದ ಮೇಲೆ ಇನ್ಸೆಂಟಿವ್ ಕರಗಿತು, ಕಮಿಷನ್ ಉಳಿಯಿತು. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೂ ದೆಹಲಿಯಲ್ಲೂ ಚಾಲಕರು ಮುಷ್ಕರಕ್ಕೆ ಇಳಿದದ್ದು ಇದಕ್ಕೇ. ಕಾರಿನ ಸಾಲಕ್ಕೆ ಐದು ವರ್ಷದ ಕಂತು. ಕಂಪನಿಯ ಮಾತಿಗೆ ಐದು ತಿಂಗಳ ಬಾಳಿಕೆಯೂ ಇರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಆ ಅಗ್ಗದ ಪ್ರಯಾಣದ ರುಚಿ ಹತ್ತಿಸಿಕೊಂಡ ನಾವು ಅದನ್ನೇ ನ್ಯಾಯವಾದ ಬೆಲೆ ಎಂದು ತಿಳಿದೆವು. ಮಾರತಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಎಸಿ ಕಾರಿನಲ್ಲಿ ಆಟೋ ದರಕ್ಕೆ ಹೋಗಿಬಂದ ನೆನಪು ನಮ್ಮ ಮನಸ್ಸಿನ ಮೀಟರನ್ನು ಕೆಡಿಸಿತು. ಇವತ್ತಿಗೂ ಆ ಕೆಟ್ಟ ಮೀಟರಿನಿಂದಲೇ ಚಾಲಕನನ್ನು ಅಳೆಯುತ್ತಿದ್ದೇವೆ.

2022ರ ನವೆಂಬರಿನಲ್ಲಿ ‘ನಮ್ಮ ಯಾತ್ರಿ’ ಆ್ಯಪ್ ಬಂದಾಗ ಕಮಿಷನ್ ಇಲ್ಲದ ದಾರಿಯೊಂದು ತೆರೆಯಿತು. ಆಮೇಲೆ ಬೇರೆಯವರೂ ದಿನದ ಶುಲ್ಕದ ಪದ್ಧತಿಗೆ ಬಂದರು. ಇದು ಒಳ್ಳೆಯದೇ, ಚಾಲಕರು ಹೋರಾಡಿ ಗಳಿಸಿದ್ದು. ಆದರೆ ಕಮಿಷನ್ ಹೋದರೂ ‘ಖಾ’ ಹೋಗಲಿಲ್ಲ. ಕಾಯುವ ಹೊತ್ತು, ಖಾಲಿ ಓಡುವ ದೂರ, ಕ್ಯಾನ್ಸಲ್ ಆದ ಬಾಡಿಗೆಯ ಗ್ಯಾಸ್, ಇವೆಲ್ಲ ಈಗಲೂ ಚಾಲಕನ ತಲೆಯ ಮೇಲೇ ಇವೆ.

ಟ್ಯಾಕ್ಸಿಗಳ ಕಥೆಯೂ ಇದೇ. ಒಂದು ನಗರ, ಒಂದು ದರ ಎಂದು ವರ್ಷಗಟ್ಟಲೆ ಕೂಗಿದ ಮೇಲೆ 2024ರ ಫೆಬ್ರುವರಿಯಲ್ಲಿ ಸರ್ಕಾರ ಏಕರೂಪ ದರ ತಂದಿತು. ಹತ್ತು ಲಕ್ಷದೊಳಗಿನ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ನಂತರ ಕಿಲೋಮೀಟರಿಗೆ 24. ಕಾಯುವುದಕ್ಕೆ ಐದು ನಿಮಿಷದ ನಂತರ ನಿಮಿಷಕ್ಕೆ ಒಂದು ರೂಪಾಯಿ. ಇಲ್ಲೂ ಖಾಲಿ ಓಡಿದ್ದಕ್ಕೆ ಕಾಸಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಡ್ರಾಪ್ ಮಾಡಿದವರು ನಗರಕ್ಕೆ ಸುಮ್ಮನೆ ಮೂವತ್ತೈದು ಕಿಲೋಮೀಟರ್ ಖಾಲಿ ಬರಬೇಕು, ಇಲ್ಲವೇ ಅಲ್ಲಿನ ಪಾರ್ಕಿಂಗಿನಲ್ಲಿ ಸರದಿ ಬರುವವರೆಗೆ ಸೀಟು ಹಿಂದಕ್ಕೊರಗಿಸಿ ಕಾಯಬೇಕು. ಸರದಿ ಬಂದಾಗ ಸಿಕ್ಕಿದ್ದು ಯಲಹಂಕದ ಬಾಡಿಗೆಯಾದರೆ ಆ ಇಡೀ ಕಾಯುವಿಕೆ ನೀರಿನಲ್ಲಿ ಹೋಮ. ‘ಡ್ರಾಪ್ ಎಲ್ಲಿ ಸಾರ್’ ಎಂಬ ಪ್ರಶ್ನೆ ಹುಟ್ಟುವುದು ಆ ಪಾರ್ಕಿಂಗಿನಲ್ಲಿ.

ಅಪರಾಧವನ್ನು ನಾನು ಮುಚ್ಚಿಹಾಕುತ್ತಿಲ್ಲ. ಬುಕಿಂಗ್ ರದ್ದು ಮಾಡಿದ ಹೆಣ್ಣುಮಗಳಿಗೆ ಕೆಟ್ಟದಾಗಿ ಬೈದವನು, ಕೈಮಾಡಿದವನು ಅಪರಾಧಿ. ಅವನಿಗೆ ಜೈಲೇ ಜಾಗ. ರೈಲು ಇಳಿದ ಹೊಸಬನನ್ನು ಊರು ಸುತ್ತಿಸಿ ಐನೂರು ಕಿತ್ತವನು ಕಳ್ಳನೇ. ಅಂಥವರನ್ನು ಸ್ಟ್ಯಾಂಡಿನ ಚಾಲಕರೇ ಹೆಚ್ಚು ದ್ವೇಷಿಸುತ್ತಾರೆ, ಅವರಿಂದ ಹೆಸರು ಕೆಡುವುದು ತಮ್ಮದು ಎಂದು. ಆದರೆ ಪಾತಕಿಗೆ ವಿಧಿಸುವ ಶಿಕ್ಷೆ ಬೇರೆ, ಲಕ್ಷಾಂತರ ಜನ ದುಡಿಯುವ ಒಂದು ಕಸುಬಿಗೆ ಕಟ್ಟುವ ದರ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ತಪ್ಪಿಸಿಕೊಳ್ಳುವುದು ಅನ್ಯಾಯ. ದಂಡದಿಂದ ಮೀಟರ್ ಹಾಕಿಸಬಹುದು. ಅಸಲು ಹುಟ್ಟದ ಬಾಡಿಗೆಗೆ ಗಾಡಿಯನ್ನು ರಸ್ತೆಗೆ ತರಿಸಲು ಯಾವ ದಂಡದಿಂದಲೂ ಆಗದು. ಚಾಲಕ ಆ ಹೊತ್ತು ಸುಮ್ಮನೆ ಗಾಡಿ ಒಂದು ಮರದ ನೆರಳಿಗೆ ಹಾಕಿ ಮಲಗುತ್ತಾನೆ.

ದರ ಏರಿದರೆ ಬಡವರ ಗತಿ ಏನು ಎಂಬ ಪ್ರಶ್ನೆ ದೊಡ್ಡದು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಆಸ್ಪತ್ರೆಗೆ ಹೋಗುವ ಮುದುಕಿ, ಕೊನೆಯ ಬಸ್ಸು ತಪ್ಪಿದ ಗಾರ್ಮೆಂಟ್ಸ್ ಹೆಣ್ಣುಮಗಳು ಆಟೋವನ್ನೇ ನಂಬಿದ್ದಾರೆ. ಆದರೆ ಅವರಿಗೆ ಅಗ್ಗದ ಸಾರಿಗೆ ಕೊಡುವ ಹೊಣೆ ಯಾರದು? ಬಿಎಂಟಿಸಿಯದ್ದು, ಮೆಟ್ರೊದ್ದು, ಅವನ್ನು ನಡೆಸುವ ಸರ್ಕಾರದ್ದು. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ವೆಚ್ಚ ಹೆಚ್ಚಿದೆ ಎಂಬ ಕಾರಣ ಕೊಟ್ಟರು. ಸರ್ಕಾರದ ಗಾಡಿಗೆ ವೆಚ್ಚ ಹೆಚ್ಚುತ್ತದೆ, ನಾಗಮಂಗಲದವರ ಗಾಡಿಗೆ ಹೆಚ್ಚುವುದಿಲ್ಲವೇ? ಬಡವರ ಪ್ರಯಾಣಕ್ಕೆ ಬೇಕಾದ ಸಹಾಯಧನವನ್ನು ಇನ್ನೊಬ್ಬ ಬಡವನ ಊಟದಿಂದ ಕಿತ್ತುಕೊಡುವುದು ಸಮಾಜವಾದವೂ ಅಲ್ಲ, ಮಾರುಕಟ್ಟೆಯೂ ಅಲ್ಲ.

ದಾರಿ ಇಲ್ಲದಿಲ್ಲ. ನ್ಯೂಯಾರ್ಕ್ ನಗರದ ಟ್ಯಾಕ್ಸಿ ಆಯೋಗ 2019ರ ಫೆಬ್ರುವರಿಯಿಂದ ಆ್ಯಪ್ ಚಾಲಕರಿಗೆ ಕನಿಷ್ಠ ಸಂಭಾವನೆ ಜಾರಿಗೆ ತಂದಿತು. ಅದರ ಸೂತ್ರದಲ್ಲಿ ದೂರಕ್ಕೆ ಇಷ್ಟು, ನಿಮಿಷಕ್ಕೆ ಇಷ್ಟು ಎಂದು ಎರಡೂ ಸೇರುತ್ತವೆ. ಆ ಮೊತ್ತವನ್ನು, ಚಾಲಕನ ಒಟ್ಟು ಹೊತ್ತಿನಲ್ಲಿ ಗಿರಾಕಿ ಇದ್ದ ಪಾಲಿನಿಂದ ಭಾಗಿಸುತ್ತಾರೆ. ಆಗ ಆ ಪಾಲು ಶೇ 58 ಎಂದು ಲೆಕ್ಕ ಹಾಕಿದ್ದರು. ಅಂದರೆ ಉಳಿದ ಶೇ 42ರಷ್ಟು ‘ಖಾ’ ಹೊತ್ತಿಗೂ ದರದಲ್ಲಿ ಜಾಗ ಸಿಕ್ಕಿತು. ಖರ್ಚು ಕಳೆದು ಗಂಟೆಗೆ 17.22 ಡಾಲರ್ ಉಳಿಯಬೇಕು ಎಂಬುದು ಅವರ ಗುರಿಯಾಗಿತ್ತು. ಅಲ್ಲಿನ ಡಾಲರ್ ನಮಗೆ ಬೇಡ. ಚಾಲಕ ಕಾಯುವುದೂ ಕೆಲಸವೇ ಎಂದು ಒಪ್ಪಿಕೊಂಡ ಆ ಭಾಗಾಕಾರ ಬೇಕು.

ನಮ್ಮಲ್ಲಿ ಆಟೋ ದರ ನಿಗದಿ ಮಾಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಾರಿಗೆ ಪ್ರಾಧಿಕಾರ. ಯಾವ ಗಾಡಿ ಎಷ್ಟು ನಿಮಿಷ ನಿಂತಿತು, ಎಷ್ಟು ದೂರ ಖಾಲಿ ಓಡಿತು ಎಂಬ ಲೆಕ್ಕ ಆ್ಯಪ್ ಕಂಪನಿಗಳ ಕಂಪ್ಯೂಟರುಗಳಲ್ಲಿ ನಿಮಿಷ ನಿಮಿಷಕ್ಕೂ ಬಿದ್ದಿದೆ. ಪ್ರಾಧಿಕಾರ ಅದನ್ನು ಕೇಳಿ ತರಿಸಿಕೊಳ್ಳಲಿ. ಜೊತೆಗೆ ಸ್ಟ್ಯಾಂಡುಗಳಲ್ಲಿರುವ ಇಂಥ ನೂರು ನೋಟ್‌ಬುಕ್ಕುಗಳನ್ನೂ ತರಿಸಿಕೊಳ್ಳಲಿ. ನಿಮಿಷವನ್ನೂ ಖಾಲಿ ಓಟವನ್ನೂ ಸೇರಿಸಿ ದರ ಕಟ್ಟಲಿ, ಎಂಟು ವರ್ಷ ಕಾಯಿಸದೆ ಪ್ರತಿ ವರ್ಷ ಬೆಲೆ ಸೂಚ್ಯಂಕದೊಂದಿಗೆ ಅದನ್ನು ಸರಿಪಡಿಸಲಿ. ಅಷ್ಟು ಮಾಡಿದ ಮಾರನೆಯ ದಿನ ಮೀಟರ್ ಹಾಕದವರ ಮೇಲೆ ದೂರು ಕೊಡಲು ನಾನೇ ಮೊದಲು ಬರುತ್ತೇನೆ.